ಕೊಂಡಿ ಕೇಳುವ ಕೆಂಪು ಮುಖಕ್ಕೆ, ಲಾಂಡ್ರಿ ಅಂಗಡಿಯಿಂದ

ನಮ್ಮ ಬ್ಲಾಗಿನ ಬಲಮೂಲೆಯಲ್ಲಿ ಪುಟ್ಟ ಮುಖವಾಗಿ ನೆಲೆಸಿರುವ, ಕೋಪ ಬಂದಾಗ ಕೆಂಪಾಗುವ, ಅನುಮಾನ ಬಂದಾಗ ಕಿತ್ತಳೆಯಾಗುವ, ಜನ್ಮಕ್ಕೊಮ್ಮೆ ಹಸಿರಾಗಿ ನಗುವ, ಪರರ ಬರಹದ ಹಣೆಬರಹವನ್ನು ಅಂಕಗಳಲ್ಲಿ ಬರೆಯುವ ಸಲಹಾ ಯಂತ್ರದ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಲೆಬಾಗಿ ನಮಸ್ಕರಿಸುತ್ತೇನೆ. ಮೊಣಕಾಲು ನೋವಿರುವುದರಿಂದ ತಲೆಯೊಂದನ್ನೇ ಬಾಗಿಸಿದ್ದೇನೆ. ದಯವಿಟ್ಟು ಅದಕ್ಕೆ ಅಂಕ ಕಳೆಯಬೇಡಿ. ತಮಗೆ ಹಸಿವು, ನಿದ್ರೆ, ನೆಂಟರು, ನೆಗಡಿ ಯಾವುದೂ ಇಲ್ಲವೆಂದು ಕೇಳಿ ಬಲ್ಲೆನಾದ್ದರಿಂದ ಕುಶಲ ವಿಚಾರಿಸುವುದನ್ನು ಇಲ್ಲಿಗೇ ಬಿಟ್ಟು, ತಮ್ಮಂಥ ದೊಡ್ಡವರ ಮೇಲೆ ನನ್ನಂಥ ಬಟ್ಟೆ ಒಗೆಯುವವಳು ದೂರು ಹೇಳುವುದು ಅಧಿಕಪ್ರಸಂಗವೇ ಆದರೂ, ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅಜೀರ್ಣವಾಗುತ್ತದೆಂಬ ಒಂದೇ ಕಾರಣಕ್ಕೆ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ಯಾರೆಂಬುದು ತಮಗೆ ಗೊತ್ತಿರಲಾರದು, ತಮಗೆ ಗೊತ್ತಿರುವುದು ನನ್ನ ತಪ್ಪುಗಳು ಮಾತ್ರ. ನಮ್ಮ ಅಪ್ಪ ಶುರು ಮಾಡಿದ ಲಾಂಡ್ರಿ ಅಂಗಡಿಯನ್ನು ಈಗ ನಾನು ನಡೆಸುತ್ತಿದ್ದೇನೆ. ಮುಂದೆ ಗಿರಾಕಿಗಳ ಕೌಂಟರು, ಹಿಂದೆ ಒಗೆಯುವ ಯಂತ್ರಗಳು, ನಡುವೆ ಹಬೆ ಇಸ್ತ್ರಿಯ ಮೇಜಿನ ಬಳಿ ಬೆವರೊರೆಸಿಕೊಳ್ಳುತ್ತಾ ಇಡೀ ಪ್ರಪಂಚದ ಬಗ್ಗೆ ಟೀಕೆ ಮಾಡುವ ನಮ್ಮ ಮನೆಯವರು. ಪಕ್ಕದ ಬೀದಿಯಲ್ಲಿ ನೆಲದಿಂದ ಸೂರಿನವರೆಗೂ ಗಾಜು ಹಾಕಿಸಿಕೊಂಡ ದೊಡ್ಡ ಲಾಂಡ್ರಿಯೊಂದು ಬಂದು, ಫೋನಿನಲ್ಲಿ ಬೆರಳಾಡಿಸಿದರೆ ಮನೆಗೇ ಬಂದು ಬಟ್ಟೆ ಒಯ್ಯುತ್ತೇವೆ ಎಂದು ಸಾರಿದ ಮೇಲೆ ನಮ್ಮ ಹ್ಯಾಂಗರುಗಳು ಖಾಲಿ ಖಾಲಿಯಾಗಿ ತೂಗಾಡತೊಡಗಿದವು. ಆಗ ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಮಗಳು, "ಅಮ್ಮಾ, ಈಗ ಕಲೆ ಆಯ್ತು ಅಂದ್ರೆ ಜನ ಅಂಗಡಿಗೆ ಓಡಿ ಬರಲ್ಲ, ಫೋನಲ್ಲಿ ಹುಡುಕ್ತಾರೆ. ಹುಡುಕಿದಾಗ ನಾವು ಮೊದಲು ಸಿಗಬೇಕು. ನಿನಗೆ ಗೊತ್ತಿರೋದನ್ನೆಲ್ಲ ಬರಿ" ಎಂದಳು. ನಾನು ಬರೆದೆ. ಚಹಾದ ಕಲೆ, ತುಕ್ಕಿನ ಕಲೆ, ಕಾಲರಿನ ಕೊಳೆ, ಮೇಣದ ಹನಿ, ಎಲ್ಲವನ್ನೂ ಬರೆದೆ. ಅಂಗಿಯ ಮೇಲಿನ ಲಿಪ್‌ಸ್ಟಿಕ್ ಕಲೆಯ ಬಗ್ಗೆ ಬರೆದದ್ದನ್ನು ಎಷ್ಟು ಗಂಡಸರು ಓದಿದರೆಂದರೆ, ನಮ್ಮ ಬಡಾವಣೆಯ ಮೇಲಿದ್ದ ಗೌರವವೇ ನನಗೆ ಸ್ವಲ್ಪ ಕಡಿಮೆಯಾಯಿತು.

ಇಷ್ಟರಲ್ಲಿ ಮಗಳು ತಮ್ಮನ್ನು ಕರೆತಂದು ಬ್ಲಾಗಿನ ಮೂಲೆಯಲ್ಲಿ ಕೂರಿಸಿದಳು. ನಾನು ಚಹಾದ ಕಲೆಯ ಬಗ್ಗೆ ಬರೆದದ್ದನ್ನು ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಓದಿ, ಮುಖ ಕೆಂಪಗೆ ಮಾಡಿಕೊಂಡು, "ಈ ಬರಹದಲ್ಲಿ ಹೊರಕೊಂಡಿಗಳಿಲ್ಲ. ಒಳಕೊಂಡಿಗಳೂ ಇಲ್ಲ. ಸೇರಿಸಿ" ಎಂದು ಅಪ್ಪಣೆ ಕೊಡಿಸಿದಿರಿ. ಕಲೆ ಹೋಗುತ್ತದೆಯೋ ಇಲ್ಲವೋ ಎಂದು ತಾವು ಕೇಳಲಿಲ್ಲ. ಒಂದು ಪದವನ್ನು ಒತ್ತಿದರೆ ಓದುಗರು ಬೇರೆಯವರ ಪುಟಕ್ಕೆ ಹೋಗುವುದು ಹೊರಕೊಂಡಿ, ನಮ್ಮದೇ ಇನ್ನೊಂದು ಪುಟಕ್ಕೆ ಹೋಗುವುದು ಒಳಕೊಂಡಿ, ಇವೆರಡೂ ಇಲ್ಲದ ಬರಹವನ್ನು ಹುಡುಕುಯಂತ್ರ ಮೂಸಿಯೂ ನೋಡುವುದಿಲ್ಲ ಎಂದು ಮಗಳು ತಿಳಿಹೇಳಿದಾಗ ನನಗೆ ಬಂದ ಸಂದೇಹವನ್ನು ತಮ್ಮ ಮುಂದೆಯೂ ಇಡುತ್ತೇನೆ. ಕೌಂಟರಿನ ಮುಂದೆ ಬಟ್ಟೆಗಂಟು ಇಟ್ಟ ಗಿರಾಕಿಗೆ, "ಸ್ವಾಮಿ, ನಮಗಿಂತ ಚೆನ್ನಾಗಿ ಒಗೆಯುವವರು ಅಲ್ಲಿದ್ದಾರೆ, ಇಗೋ ದಾರಿ" ಎಂದು ಕೈ ತೋರಿಸಿ ಬಾಗಿಲು ತೆರೆದು ನಿಲ್ಲುವ ಅಂಗಡಿಯನ್ನು ತಾವು ಎಲ್ಲಾದರೂ ಕಂಡಿದ್ದೀರಾ? ಆದರೂ ದೊಡ್ಡವರ ಮಾತೆಂದು ಪಾಲಿಸಿದೆ. ಚಹಾ ಗಿಡದ ವಿಚಾರಕ್ಕೆ ಒಂದು ಕೊಂಡಿ, ನೀರಿನ ಗಡಸುತನಕ್ಕೆ ಒಂದು ಕೊಂಡಿ, ಹತ್ತಿಯ ಇತಿಹಾಸಕ್ಕೆ ಒಂದು ಕೊಂಡಿ ಹಾಕಿದೆ. ತಾವು ಕಿತ್ತಳೆಯಾದಿರಿ.

ಒಳಕೊಂಡಿಗಳ ಕಥೆಯಂತೂ ಕೇಳಬೇಡಿ, ಕೇಳದಿದ್ದರೂ ಹೇಳುತ್ತೇನೆ. ಚಹಾದಿಂದ ಕಾಲರಿಗೆ, ಕಾಲರಿನಿಂದ ತುಕ್ಕಿಗೆ, ತುಕ್ಕಿನಿಂದ ಮೇಣಕ್ಕೆ, ಮೇಣದಿಂದ ಮತ್ತೆ ಚಹಾಕ್ಕೆ ನಾನು ಹಾಕಿದ ಕೊಂಡಿಗಳ ಸರಪಳಿಯಲ್ಲಿ ಸಿಕ್ಕಿಕೊಂಡ ಗಿರಾಕಿಯೊಬ್ಬರು, ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರರು, ಮರುದಿನ ಬಂದು ಮೇಜುಬಟ್ಟೆಯನ್ನು ಕೌಂಟರಿನ ಮೇಲೆ ಹರಡಿ, "ತಾಯಿ, ಚಹಾ ಚೆಲ್ಲಿದ ತಕ್ಷಣ ಏನು ಮಾಡಬೇಕು ಅಂತ ಓದೋಕೆ ಕೂತೆ. ಓದ್ತಾ ಓದ್ತಾ ನನಗೆ ತುಕ್ಕು ತೆಗೆಯೋದು ಗೊತ್ತಾಯ್ತು, ಮೇಣ ತೆಗೆಯೋದು ಗೊತ್ತಾಯ್ತು, ಅಷ್ಟರಲ್ಲಿ ಚಹಾ ಒಣಗಿ ಹೋಯ್ತು" ಎಂದರು. ಪಾಪ, ಅವರ ಮೇಲೆ ತಪ್ಪಿಲ್ಲ. ಆದರೆ ಓದುಗರು ನಮ್ಮ ತಾಣದಲ್ಲಿ ಬಹಳ ಹೊತ್ತು ಉಳಿದರೆಂದು ತಾವು ಅಂದು ಮೊದಲ ಬಾರಿಗೆ ಹಸಿರಾದಿರಿ. ಆ ನಗು ಕಂಡು ನನಗೂ ಹಿಗ್ಗಾಯಿತೆಂದು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಹೊಗಳಿಕೆ ಯಾರಿಗೆ ಬೇಡ.

ಒಮ್ಮೆ "ಗುರುವಾರ ಅಂಗಡಿ ರಜೆ" ಎಂಬ ಒಂದೇ ಸಾಲಿನ ಪ್ರಕಟಣೆ ಹಾಕಿದಾಗಲೂ ತಾವು ಬಿಡಲಿಲ್ಲ. ಹೊರಕೊಂಡಿ ಇಲ್ಲ, ಒಳಕೊಂಡಿ ಇಲ್ಲ, ವಿಷಯದ ಆಳ ಸಾಲದು ಎಂದು ಕೆಂಡವಾದಿರಿ. ರಜೆಯಲ್ಲಿ ಎಂಥ ಆಳವನ್ನು ತೋಡುವುದೆಂದು ತಿಳಿಯದೆ, ಗುರುವಾರಕ್ಕೆ ಗುರುಗ್ರಹದ ಕೊಂಡಿಯನ್ನೂ ರಜೆಗೆ ಸಮುದ್ರತೀರದ ಹವಾಮಾನದ ಕೊಂಡಿಯನ್ನೂ ಕೊಟ್ಟೆ. ನಮ್ಮ ಮನೆಯವರು ಅದನ್ನು ಓದಿ, "ಹೋಗ್ಲಿ ಬಿಡು, ಗುರುಗ್ರಹದಲ್ಲೂ ಯಾರಿಗಾದ್ರೂ ಬಟ್ಟೆ ಒಗಿಸಬೇಕಾಗಿರುತ್ತೆ" ಎಂದರು.

ಇಷ್ಟಕ್ಕೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದುಕೊಂಡು ಸುಮ್ಮನಾಗುತ್ತಿದ್ದೆ. ನನ್ನ ನಿಜವಾದ ದೂರು ನನ್ನ ಅಕ್ಕನ ವಿಷಯದ್ದು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ತಾವು ಇದನ್ನು ಒಳಕೊಂಡಿ ಎಂದೇ ಭಾವಿಸಿ ಸಮಾಧಾನ ಪಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ಅಪ್ಪ ಹೋದ ಮೇಲೆ ಅಂಗಡಿಯನ್ನು ಅಕ್ಕ ನಾನು ಇಬ್ಬರೂ ಸೇರಿ ನಡೆಸುತ್ತಿದ್ದೆವು. ಒಂದು ಬೆಳಿಗ್ಗೆ ವಕೀಲರೊಬ್ಬರು ಜೇಬಿನಲ್ಲಿ ಪೆನ್ನು ಸೋರಿ ಹೋದ ಬಿಳಿ ಅಂಗಿಯನ್ನು ತಂದುಕೊಟ್ಟರು. ಇಂಕಿನ ಕಲೆಯನ್ನು ಹಾಲಿನಲ್ಲಿ ನೆನೆಸಬೇಕೆಂದು ಅಕ್ಕ, ನಿಂಬೆರಸ ಹಿಂಡಬೇಕೆಂದು ನಾನು. ಅಪ್ಪ ತನಗೆ ಕಲಿಸಿದ್ದು ಹಾಲು ಎಂದು ಅವಳು, ನನಗೆ ಕಲಿಸಿದ್ದು ನಿಂಬೆ ಎಂದು ನಾನು. ನಾವಿಬ್ಬರೂ ಅಪ್ಪನ ಹೆಸರು ಹಿಡಿದು ಕೂಗಾಡುವಷ್ಟರಲ್ಲಿ ಅಂಗಿ ಕೌಂಟರಿನ ಮೇಲೆಯೇ ಬಿದ್ದಿತ್ತು, ಇಂಕು ನೂಲಿನೊಳಗೆ ಇಳಿದು ಕೂತಿತ್ತು, ವಕೀಲರು ಸಂಜೆ ಬಂದು ಅಂಗಿ ನೋಡಿ ಅದನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋದರು. ಆಗ ಅಕ್ಕ, "ಅಪ್ಪ ನಿನಗೆ ಅರ್ಧ ಕೆಲಸ ಮಾತ್ರ ಕಲಿಸಿದ್ದು" ಎಂದಳು. ನಾನು, "ನಿನಗೆ ಕಲಿಸಿದ್ದೇ ಸುಳ್ಳು" ಎಂದೆ. ಮಾತು ಮನೆ ಕೆಡಿಸಿತು ಎಂಬ ಗಾದೆ ಇರುವುದು ಸುಮ್ಮನೆ ಅಲ್ಲ. ಅಕ್ಕ ಹ್ಯಾಂಗರುಗಳಲ್ಲಿ ತನ್ನ ಪಾಲು ಎಣಿಸಿಕೊಂಡು, ರಸ್ತೆಯ ಆಚೆ ಬದಿಗೆ, ಸರಿಯಾಗಿ ನಮ್ಮ ಬಾಗಿಲಿಗೆ ಎದುರಾಗಿ ಅಂಗಡಿ ತೆರೆದಳು. ಅಂದಿನಿಂದ ಅವಳು ಇತ್ತ ನೋಡಲಿಲ್ಲ, ನಾನು ಅತ್ತ ನೋಡಲಿಲ್ಲ. ಹಾಗೆಂದು ಇಬ್ಬರೂ ಹೇಳಿಕೊಂಡು ತಿರುಗಿದೆವು. ಅವಳು ಯಾವ ದಿನ ಯಾವ ಬಣ್ಣದ ಬಟ್ಟೆ ಉಟ್ಟಿದ್ದಳೆಂದು ನನ್ನನ್ನು ಕೇಳಿದರೆ ಈಗಲೂ ಹೇಳಬಲ್ಲೆ.

ಮಾನ್ಯರೇ, ಈಗ ತಮ್ಮ ಪಾತ್ರ ಪ್ರವೇಶವಾಗುತ್ತದೆ. ನಾನು "ಇಂಕಿನ ಕಲೆಗೆ ನಿಂಬೆರಸವೇ ಸರಿ" ಎಂಬ ಬರಹ ಬರೆದೆ. 'ವೇ' ಎಂಬುದು ಯಾರಿಗಾಗಿ ಎಂದು ರಸ್ತೆಯ ಎರಡೂ ಬದಿಯವರಿಗೆ ಗೊತ್ತಿತ್ತು. ತಾವು ಎಂದಿನಂತೆ ಕೆಂಪಾಗಿ, ಹೊರಕೊಂಡಿ ಇಲ್ಲವೆಂದು ಹೇಳಿ, ಕೆಳಗೆ ಸಲಹೆಗಳ ಸಾಲನ್ನೂ "ಎಲ್ಲವನ್ನೂ ಒಪ್ಪಿಕೊಳ್ಳಿ" ಎಂಬ ಹಸಿರು ಗುಂಡಿಯನ್ನೂ ಇಟ್ಟಿದ್ದಿರಿ. ನಾನು ಗುಂಡಿ ಒತ್ತಿದೆ. ನಮ್ಮ ವಂಶದಲ್ಲಿ ಓದಿದ ಮೇಲೆ ಒತ್ತುವವರು ಯಾರೂ ಇಲ್ಲ. ಅಪ್ಪ ಲಿಫ್ಟಿನೊಳಗೆ ಹೋದರೆ ಯಾವುದಕ್ಕೂ ಇರಲಿ ಎಂದು ಎಲ್ಲ ಮಹಡಿಗಳನ್ನೂ ಒತ್ತಿ ನಿಲ್ಲುತ್ತಿದ್ದರು. ಅಕ್ಕನಂತೂ ಕರೆಗಂಟೆಯನ್ನು ಬೆರಳು ನೋಯುವವರೆಗೆ ಒತ್ತಿ, ಆಮೇಲೆ "ಗಂಟೆ ಕೆಟ್ಟಿದೆ" ಎಂಬ ಚೀಟಿಯನ್ನು ಓದುವವಳು.

ಹೀಗಾಗಿ, ನನ್ನ ನಿಂಬೆರಸದ ಬರಹದ ನಟ್ಟನಡುವೆ, ನನ್ನದೇ ಹೆಸರಿನಲ್ಲಿ, "ಇಂಕಿನ ಕಲೆಯ ಬಗ್ಗೆ ನಂಬಿಕಸ್ತ ಮೂಲ" ಎಂಬ ಪದಗಳು ನೀಲಿಯಾಗಿ ಮೂಡಿದವು. ಅವನ್ನು ಒತ್ತಿದವರು ನೇರವಾಗಿ ಹೋಗಿ ಬೀಳುತ್ತಿದ್ದುದು "ಇಂಕಿನ ಕಲೆಗೆ ಹಾಲು" ಎಂಬ ನನ್ನ ಅಕ್ಕನ ಬರಹದ ಮೇಲೆ. ಅವಳೂ ಬ್ಲಾಗು ಬರೆಯುತ್ತಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಲೋಕದಲ್ಲಿ ಇಂಕಿನ ಬಗ್ಗೆ ಬರೆದವರು ಎಷ್ಟು ಜನವಿಲ್ಲ! ಅಷ್ಟೂ ಜನರನ್ನು ಬಿಟ್ಟು, ನನ್ನ ಬಾಗಿಲಿನಿಂದ ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿರುವ, ನಾನು ಕಲ್ಲೆಸೆಯದೆ ಕಷ್ಟಪಟ್ಟು ತಡೆದುಕೊಂಡಿರುವ ಒಬ್ಬಳನ್ನೇ ಹುಡುಕಿ ತೆಗೆದ ತಮ್ಮ ಸೂಕ್ಷ್ಮದೃಷ್ಟಿಯನ್ನು ಏನೆಂದು ಹೊಗಳಲಿ?

ನನಗೆ ಇದು ತಿಳಿಯುವ ಮೊದಲೇ ಅಕ್ಕನಿಗೆ ತಿಳಿಯಿತು. ಅವಳ ಬ್ಲಾಗನ್ನು ನೋಡಿಕೊಳ್ಳುವ ಅವಳ ಸೊಸೆ, "ಅತ್ತೆ, ಎದುರಂಗಡಿ ಚಿಕ್ಕತ್ತೆ ತಮ್ಮ ಗಿರಾಕಿಗಳನ್ನೆಲ್ಲ ನಮ್ಮ ಪುಟಕ್ಕೆ ಕಳಿಸ್ತಿದ್ದಾರೆ. ನಂಬಿಕಸ್ತ ಮೂಲ ಅಂತ ಬರೆದಿದ್ದಾರೆ" ಎಂದು ಓದಿ ಹೇಳಿದಳಂತೆ. ಅಕ್ಕ ಕನ್ನಡಕ ಹಾಕಿಕೊಂಡು ತಾನೇ ಓದಿದಳಂತೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದಳಂತೆ. ಮಧ್ಯಾಹ್ನದವರೆಗೂ ಯಾರನ್ನೂ ಬೈಯಲಿಲ್ಲವಂತೆ, ಮನೆಯವರೆಲ್ಲ ಮೈ ಬಿಸಿಯಿದೆಯೇ ಎಂದು ಮುಟ್ಟಿ ನೋಡಿದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನನಗೆ ಗೊತ್ತಾದದ್ದು ಇಷ್ಟೇ: ಕೆಲವು ದಿನ ಕಳೆದು ಮಗಳು ಓಡಿಬಂದು ಫೋನು ತೋರಿಸಿದಳು, ಅಕ್ಕನ ಹಾಲಿನ ಬರಹದ ಕೊನೆಗೆ, "ನಮ್ಮ ಎದುರಿಗೇ ಇನ್ನೊಂದು ಅಂಗಡಿ ಇದೆ, ಕಾಲರಿನ ಕೊಳೆ ತೆಗೆಯುವುದರಲ್ಲಿ ಅವರ ಕೈ ನಮ್ಮ ಕೈಗಿಂತ ಮೇಲು" ಎಂಬ ಸಾಲು ಸೇರಿತ್ತು. ಒತ್ತಿದರೆ ನನ್ನ ಪುಟ. ನಾನು ಹುಟ್ಟಿದಾಗಿನಿಂದ ಅಕ್ಕ ನನ್ನ ಕೈಯನ್ನು ಹೊಗಳಿದ್ದು ಅದೇ ಮೊದಲು. ನನಗೆ ಅಳು ಬಂತು, ಹಬೆ ಕಣ್ಣಿಗೆ ಬಿತ್ತೆಂದು ಹೇಳಿ ಹಿಂದಿನ ಕೋಣೆಗೆ ಹೋದೆ.

ಮಗಳು ನನ್ನ ಬರಹದಲ್ಲಿದ್ದ ಕೊಂಡಿಯನ್ನೂ ತೋರಿಸಿ, ಅದು ತಪ್ಪಿ ಬಿದ್ದದ್ದು, ತೆಗೆಯಲೇ ಎಂದು ಕೇಳಿದಾಗ, "ಇರ್ಲಿ ಬಿಡೆ, ಅಂಕ ಬರುತ್ತೆ" ಎಂದೆ.

ಅಂದಿನಿಂದ ನಾವಿಬ್ಬರೂ ತಮ್ಮ ಕೃಪೆಯಿಂದ ಮಾತಾಡಲು ಶುರು ಮಾಡಿದೆವು. ಬಾಯಲ್ಲಿ ಅಲ್ಲ, ಕೊಂಡಿಗಳಲ್ಲಿ. ಎದುರಂಗಡಿಯಿಂದ ಅಕ್ಕ ಕೆಮ್ಮುವುದು ಕೇಳಿಸಿದ ದಿನ ನಾನು ಉಣ್ಣೆ ಬಟ್ಟೆಗಳ ಬರಹದಲ್ಲಿ "ಕೆಮ್ಮು ಇರುವವರು ಉಣ್ಣೆಯನ್ನು ತಾವೇ ಒದರಬಾರದು, ಸೊಸೆಗೆ ಹೇಳಬೇಕು" ಎಂದು ಬರೆದು ಅವಳ ಪುಟಕ್ಕೆ ಕೊಂಡಿ ಹಾಕಿದೆ. ಅವಳು ತುಕ್ಕಿನ ಕಲೆಯ ಬರಹದಲ್ಲಿ "ಮೊಣಕಾಲು ನೋವಿರುವವರು ಹಟ ಮಾಡಿ ಕುಕ್ಕರಗಾಲಲ್ಲಿ ಕೂತು ಉಜ್ಜದೆ ಒಂದು ಸ್ಟೂಲು ಕೊಂಡುಕೊಳ್ಳಬೇಕು" ಎಂದು ಬರೆದು ನನ್ನ ಪುಟಕ್ಕೆ ಹಾಕಿದಳು. ತುಕ್ಕಿಗೂ ಮೊಣಕಾಲಿಗೂ ಏನು ಸಂಬಂಧವೆಂದು ಓದುಗರು ಕೆಳಗೆ ಕೇಳಿದ್ದರು, ಅವರಿಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಸ್ಟೂಲು ತಂದೆ. ತಂದದ್ದು ಅವಳಿಗೆ ಕಾಣಲೆಂದು ಅದನ್ನು ಬಾಗಿಲ ಬಳಿಯೇ ಇಟ್ಟು ಕೂತೆ. ಮೇಣದ ಬರಹದಲ್ಲಿ ಅವಳ ಮೊಮ್ಮಗುವಿಗೆ ಹಲ್ಲು ಬಂದ ಸುದ್ದಿ ಬಂತು. ಪರದೆಗಳ ಬರಹದಲ್ಲಿ ನಮ್ಮ ಮನೆಯವರ ಕಣ್ಣಿನ ಆಪರೇಷನ್ ಸಲೀಸಾಗಿ ಆಯಿತೆಂದು ನಾನು ತಿಳಿಸಿದೆ. ನಮ್ಮ ಮನೆಯವರು, "ಒಂದು ರಸ್ತೆ ದಾಟಿ ಹೇಳೋ ಮಾತು, ಲೋಕವೆಲ್ಲ ಸುತ್ತಿ ಹೋಗ್ಬೇಕಾ? ನಡುವೆ ಒಂದು ಬಸ್ಸು ಕೂಡ ಬರಲ್ಲ ಈ ರಸ್ತೇಲಿ" ಎಂದರು. ಅವರಿಗೇನು ಗೊತ್ತು. ರಸ್ತೆ ದಾಟಿದರೆ ಸೋತಂತೆ, ಕೊಂಡಿ ಹಾಕಿದರೆ ವ್ಯಾಪಾರ.

ಇಷ್ಟು ಉಪಕಾರ ಮಾಡಿದ ತಾವು, ಮಾನ್ಯರೇ, ಮುಂದೆ ಮಾಡಿದ್ದೇನು? ಒಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿ ಕಂಪ್ಯೂಟರ್ ಹಚ್ಚಿದರೆ, ಹಿಂದೆಂದೂ ಕಾಣದಷ್ಟು ಕೆಂಪಾಗಿ, "ಎರಡು ತಾಣಗಳು ಪರಸ್ಪರ ಅತಿಯಾಗಿ ಕೊಂಡಿ ಕೊಟ್ಟುಕೊಳ್ಳುತ್ತಿವೆ. ಈ ಸಂಬಂಧ ಕೃತಕವೆಂದು ತೋರುತ್ತದೆ. ಕೊಂಡಿಗಳನ್ನು ಕೂಡಲೇ ತೆಗೆಯಿರಿ, ಇಲ್ಲವಾದರೆ ಹುಡುಕಾಟದಲ್ಲಿ ತಮ್ಮ ಸ್ಥಾನ ಕುಸಿಯಬಹುದು" ಎಂದು ಬರೆದುಕೊಂಡು ಕೂತಿದ್ದಿರಿ. ಕೃತಕ ಸಂಬಂಧ! ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಹೊದಿಕೆಯನ್ನು ಎಳೆದಾಡಿಕೊಂಡು ಮಲಗಿ, ಒಬ್ಬರ ಜಡೆ ಇನ್ನೊಬ್ಬರು ಹೆಣೆದು, ಒಂದೇ ಅಪ್ಪನಿಂದ ಒಂದೇ ಕೆಲಸಕ್ಕೆ ಬೈಸಿಕೊಂಡು ಬೆಳೆದವರ ಸಂಬಂಧ ತಮಗೆ ಕೃತಕವಾಗಿ ಕಂಡಿತು. ಚಹಾದ ಕಲೆಗೂ ಹತ್ತಿಯ ಇತಿಹಾಸಕ್ಕೂ ಇರುವ ಸಂಬಂಧ ಮಾತ್ರ ಸಹಜವಾಗಿ ಕಂಡಿತು. ಜಗಳ ಆಡಿದ್ದ ವರ್ಷಗಳಲ್ಲಿ ನಮ್ಮ ಮೇಲೆ ಯಾರೂ ಇಂಥ ಆರೋಪ ಹೊರಿಸಿರಲಿಲ್ಲ.

ತಾವು ಕರುಣಾಳುಗಳೂ ಹೌದು, ಕೆಳಗೆ ಒಂದು ರಾಜಿಸೂತ್ರವನ್ನೂ ಸೂಚಿಸಿದ್ದಿರಿ. ಕೊಂಡಿ ಬೇಕೇ ಬೇಕೆಂದರೆ ಇರಲಿ, ಆದರೆ ಅದರ ಹಿಂದೆ ಓದುಗರಿಗೆ ಕಾಣದ ಗುರುತೊಂದನ್ನು ಹಾಕಿ, ಈ ತಾಣಕ್ಕೆ ನಾವು ಹೊಣೆಯಲ್ಲವೆಂದು ಹುಡುಕುಯಂತ್ರದ ಕಿವಿಯಲ್ಲಿ ಹೇಳಬಹುದಂತೆ. ಎದುರಿಗೆ ನಂಬಿಕಸ್ತಳು ಎನ್ನುವುದು, ಬೆನ್ನ ಹಿಂದೆ ಅವಳ ಮಾತು ನಂಬಬೇಡಿ ಎನ್ನುವುದು. ಇದನ್ನು ತಾವು ಹೊಸ ತಂತ್ರಜ್ಞಾನವೆಂದು ತಿಳಿದಿರುವಂತಿದೆ. ನಮ್ಮ ಬಂಧುಬಳಗದಲ್ಲಿ ಇದನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದಾರೆ, ಬೇಕಾದರೆ ನಮ್ಮ ಸೋದರತ್ತೆಯ ವಿಳಾಸ ಕಳಿಸುತ್ತೇನೆ, ತಾವು ಅಲ್ಲಿಗೆ ಹೋಗಿ ತರಬೇತಿ ಪಡೆಯಬಹುದು.

ಆದರೆ ಮಾನ್ಯರೇ, ಆ ಬೆಳಿಗ್ಗೆ ನನಗೆ ನಗು ಬರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಕೊಂಡಿ ತೆಗೆದರೆ ಅಕ್ಕ ಏನೆಂದುಕೊಳ್ಳುತ್ತಾಳೆ? ಯಂತ್ರ ಹೇಳಿತು, ತೆಗೆದೆ ಎಂದರೆ ನಂಬುವ ಪೈಕಿಯೇ ಅವಳು? ಕೊಂಡಿ ತೆಗೆಯದಿದ್ದರೆ ಗಾಜಿನ ಲಾಂಡ್ರಿಯವರು ಹುಡುಕಾಟದಲ್ಲಿ ನಮ್ಮ ಹೆಗಲೇರಿ ಕೂರುತ್ತಾರೆ, ಹೇಗೋ ಮರಳಿ ಬಂದಿದ್ದ ನಾಲ್ಕು ಗಿರಾಕಿಗಳೂ ಹೋಗುತ್ತಾರೆ. ಮಗಳು ತಲೆ ಮೇಲೆ ಕೈ ಹೊತ್ತು, "ಏನ್ ಮಾಡ್ಲಮ್ಮಾ, ಹೇಳು" ಎಂದಳು. ನಾಳೆ ನೋಡೋಣ ಎಂದೆ. ನನ್ನ ಸಕಲ ಸಮಸ್ಯೆಗಳಿಗೂ ನಾನು ಕೊಡುವ ಪರಿಹಾರ ಅದೇ.

ಮರುದಿನ ತಾವು ನನಗೆ ಯೋಚಿಸುವ ಶ್ರಮವನ್ನೂ ಉಳಿಸಿದಿರಿ. "ಒಂದು ಹೊರಕೊಂಡಿ ಮುರಿದಿದೆ" ಎಂಬ ವರದಿ. ಯಾವುದೆಂದು ನೋಡಿದರೆ ಅದೇ, ಮೊಟ್ಟಮೊದಲನೆಯದು, ನಂಬಿಕಸ್ತ ಮೂಲದ್ದು. ಒತ್ತಿದರೆ ಅಕ್ಕನ ಹಾಲಿನ ಬರಹ ಇರಬೇಕಾದ ಜಾಗದಲ್ಲಿ "ಈ ಪುಟ ಇಲ್ಲ" ಎಂಬ ಬರಿಯ ಬಿಳಿ ಪುಟ. ಅವಳಿಗೂ ತಮ್ಮಂಥದೇ ಒಬ್ಬರು ಸಲಹೆಗಾರರಿದ್ದಾರೆ, ಅವರೂ ಬೆದರಿಸಿರುತ್ತಾರೆ, ಅವಳು ಹಿಂದೆಮುಂದೆ ನೋಡದೆ ನನ್ನನ್ನು ಕಿತ್ತು ಬಿಸಾಕಿದ್ದಾಳೆ, ನಾನು ಕೊಂಡಿ ಹಾಕಿದ್ದ ಪುಟವನ್ನೇ ಅಳಿಸಿ ಹಾಕಿದ್ದಾಳೆ ಎಂದು ಲೆಕ್ಕ ಹಾಕಿದೆ. ಇಲ್ಲಿ ನಾನು ತೆಗೆಯಲೋ ಬೇಡವೋ ಎಂದು ಒದ್ದಾಡುತ್ತಿದ್ದರೆ ಅಲ್ಲಿ ಅವಳು ನೆಮ್ಮದಿಯಾಗಿ ಗುಂಡಿ ಒತ್ತಿ ಕೂತಿದ್ದಾಳೆ. ಮೊಣಕಾಲನ್ನೂ ಮರೆತು, ಕೈಯಲ್ಲಿ ಹಿಡಿದಿದ್ದ ಯಾರದೋ ಪ್ಯಾಂಟಿನ ಸಮೇತ, ನಾನು ರಸ್ತೆ ದಾಟಿದೆ.

ಅಕ್ಕನ ಅಂಗಡಿಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ನಮ್ಮ ಅಪ್ಪನ ಹಳೆಯ ಹ್ಯಾಂಗರುಗಳು ನಮ್ಮಲ್ಲಿದ್ದಂತೆಯೇ ಎಡಕ್ಕೆ ಮುಖ ಮಾಡಿ ತೂಗುತ್ತಿದ್ದವು, ಚೀಟಿ ಚುಚ್ಚುವ ಪಿನ್ನುಗಳು ನಮ್ಮಲ್ಲಿರುವಂತೆಯೇ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಅಕ್ಕ ಕೌಂಟರಿನ ಹಿಂದೆ ಕನ್ನಡಕ ಹಾಕಿಕೊಂಡು ಕಂಪ್ಯೂಟರನ್ನು ಗುರಾಯಿಸುತ್ತಿದ್ದಳು. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಅವಳು, ಇಷ್ಟು ವರ್ಷ ನಾವು ಮಾತು ಬಿಟ್ಟೇ ಇರಲಿಲ್ಲವೆಂಬಂತೆ, "ಬಂದ್ಯಾ, ಬಾ. ಈ ದರಿದ್ರದ್ದು ಏನ್ ಹೇಳ್ತಿದೆ ನೋಡು, ನಾನೇನು ತಪ್ಪು ಮಾಡ್ದೆ" ಎಂದಳು. ನೋಡಿದೆ. ಅಲ್ಲಿಯೂ ಒಂದು ಕೆಂಪು ಮುಖ, ಅಲ್ಲಿಯೂ ಕೃತಕ ಸಂಬಂಧದ ಬೆದರಿಕೆ. ಅವಳು ಒಂದೇ ಒಂದು ಕೊಂಡಿಯನ್ನೂ ತೆಗೆದಿರಲಿಲ್ಲ.

ಹಾಗಾದರೆ ಹಾಲಿನ ಪುಟ ಎಲ್ಲಿ ಹೋಯಿತು? ಸೊಸೆ ಬಂದು ನೋಡಿ ವಿವರಿಸಿದಳು. ಹಿಂದಿನ ದಿನ ಅತ್ತೆ ಯಾರಿಗೂ ಹೇಳದೆ ಬರಹದ ತಲೆಬರಹವನ್ನು ತಿದ್ದಿದ್ದರು, ತಲೆಬರಹ ಬದಲಾದ ಕೂಡಲೇ ಪುಟದ ವಿಳಾಸವೂ ಬದಲಾಗಿ, ಹಳೆಯ ವಿಳಾಸಕ್ಕೆ ನಾನು ಹಾಕಿದ್ದ ಕೊಂಡಿ ಮುರಿದಿತ್ತು. ಇದೆಲ್ಲ ಆಗುತ್ತದೆಂದು ಅಕ್ಕನಿಗೇನು ಗೊತ್ತು. ಅಂಗಡಿಯ ಬೋರ್ಡು ಬದಲಾಯಿಸಿದರೆ ಮನೆ ನಂಬರು ಬದಲಾಗುತ್ತದೆಂದು ಯಾರು ತಾನೇ ಎಣಿಸುತ್ತಾರೆ. "ಏನಂತ ತಿದ್ದಿದೆ?" ಎಂದು ಕೇಳಿದೆ. ಅಕ್ಕ ನನ್ನ ಕೈಯಲ್ಲಿದ್ದ ಪ್ಯಾಂಟನ್ನು ತೆಗೆದುಕೊಂಡು ಮಡಿಸತೊಡಗಿದಳು. ಸೊಸೆ ಪರದೆಯನ್ನು ನನ್ನತ್ತ ತಿರುಗಿಸಿದಳು. "ಇಂಕಿನ ಕಲೆಗೆ ಹಾಲು ಅಥವಾ ನಿಂಬೆರಸ" ಎಂದಿತ್ತು.

ಮಾನ್ಯರೇ, ವಕೀಲರ ಅಂಗಿ ಕೆಟ್ಟ ದಿನದಿಂದ ನಾನು ಕಾಯುತ್ತಿದ್ದುದು ಆ ಒಂದು "ಅಥವಾ"ಗೆ. ಅದನ್ನು ತಾವು ಮುರಿದ ಕೊಂಡಿ ಎಂದು ವರದಿ ಮಾಡಿದಿರಿ.

ಆಮೇಲೆ ಚಹಾ ಬಂತು. ಒಂದಿಷ್ಟು ಮೇಜಿನ ಮೇಲೆ ಚೆಲ್ಲಿತು, ಅದನ್ನು ಯಾವುದರಲ್ಲಿ ಒರೆಸಬೇಕೆಂದು ಇಬ್ಬರಿಗೂ ಮತ್ತೆ ಸಣ್ಣ ವಾದವಾಯಿತು. ನಡುವೆ ಅಕ್ಕ, "ನಿಜ ಹೇಳ್ಬೇಕಂದ್ರೆ, ಅಪ್ಪ ನನಗೆ ಹಾಲು ಅಂತ ಹೇಳಿಕೊಟ್ಟ ದಿನ ಮನೇಲಿ ನಿಂಬೆಹಣ್ಣೇ ಇರ್ಲಿಲ್ಲ ಕಣೆ. ಮೊದಲು ನಿಂಬೆಹಣ್ಣು ತಗೊಂಡು ಬಾ ಅಂದ್ರು, ಇರ್ಲಿಲ್ಲ, ಹಾಗಾದ್ರೆ ಹಾಲು ತಾ ಅಂದ್ರು" ಎಂದಳು. ನನಗೆ ತಟ್ಟನೆ ನೆನಪಾಯಿತು. ನನಗೆ ಕಲಿಸಿದ ದಿನ ಅಪ್ಪ ಮೊದಲು ಕೇಳಿದ್ದು ಹಾಲನ್ನೇ. ಹಾಲು ಒಡೆದು ಹೋಗಿತ್ತು, ಅಮ್ಮ ಅದಕ್ಕಾಗಿ ನನ್ನನ್ನು ಬೈದಿದ್ದರು. ಹೇಳಿದೆ. ಆಮೇಲೆ ಅಕ್ಕನಿಗೆ ನಗು ಶುರುವಾಗಿ, ನಗು ಕೆಮ್ಮಾಗಿ, ಕೆಮ್ಮು ಅಳುವಾಗಿ, ಸೊಸೆ ನೀರು ತಂದುಕೊಡಬೇಕಾಯಿತು. ಅಡುಗೆಮನೆಯಲ್ಲಿ ಏನಿತ್ತೋ ಅದನ್ನು ಬಳಸಿದ ಒಬ್ಬ ಮನುಷ್ಯನ ಇಬ್ಬರು ಹೆಣ್ಣುಮಕ್ಕಳು, ಅದನ್ನೇ ಸಿದ್ಧಾಂತ ಮಾಡಿಕೊಂಡು ಒಂದು ರಸ್ತೆಯ ಎರಡು ಬದಿಗಳಲ್ಲಿ ಮುದುಕಿಯರಾದೆವು.

ಹೀಗಿರುವಾಗ ತಮ್ಮಲ್ಲಿ ನನ್ನ ವಿನಂತಿಗಳು ಕೆಲವಿವೆ. ತಾವು ಸರ್ವಶಕ್ತರಾದ್ದರಿಂದ ಇವು ತಮಗೆ ಭಾರವಾಗಲಾರವು. ಮೊದಲನೆಯದಾಗಿ, ಬಟ್ಟೆಗಂಟಿನೊಂದಿಗೆ ಒಮ್ಮೆ ನಮ್ಮ ಅಂಗಡಿಗೆ ದಯಮಾಡಿಸಿ, ಅಕ್ಕ ತಂಗಿ ಒಂದೇ ಅಂಗಿಯ ಎರಡು ತೋಳುಗಳನ್ನು ಹಿಡಿದು ಜಗಳವಾಡುವುದನ್ನು ಕಣ್ಣಾರೆ ಕಂಡು, ಕೃತಕ ಸಂಬಂಧಗಳು ಹೀಗಿರುತ್ತವೆಯೇ ಎಂದು ಹೇಳಿ ಹೋಗಬೇಕು. ಆಮೇಲೆ, ಮಾತು ಬಿಟ್ಟ ಅಕ್ಕತಂಗಿಯರು, ಅಣ್ಣತಮ್ಮಂದಿರು ಊರ ತುಂಬ ಇದ್ದಾರೆ, ಅವರ ಬರಹಗಳಲ್ಲಿಯೂ ಹೀಗೇ ತಪ್ಪು ಕೊಂಡಿಗಳನ್ನು ಸೇರಿಸುವ ಕೃಪೆ ಮಾಡಬೇಕು; ಬರಹ ಬರೆಯದವರಿದ್ದರೆ ಅವರ ಬಾಗಿಲುಗಳಿಗೇ ಸೇರಿಸಬಹುದು. ಮತ್ತು ವಕೀಲರ ಅಂಗಿ ಈಗ ಎಲ್ಲಿದೆಯೋ ಹುಡುಕಿ ಕೊಡಬೇಕು. ಇಷ್ಟೆಲ್ಲ ಹುಡುಕುವವರಿಗೆ ಒಂದು ಅಂಗಿ ಸಿಗದೇ?

ಕೊಂಡಿಗಳನ್ನು ಮಾತ್ರ ತೆಗೆಯುವುದಿಲ್ಲ. ತಮ್ಮ ಮಾತಿನಂತೆಯೇ ಹುಡುಕಾಟದಲ್ಲಿ ನಾವು ಮೊದಲ ಪುಟದಿಂದ ಇಳಿದು, ಯಾರೂ ಬೆರಳಿಡದ ಹಿಂದಿನ ಪುಟಗಳಲ್ಲಿ ಅಕ್ಕಪಕ್ಕದಲ್ಲೇ ಕೂತಿದ್ದೇವೆ. ಅದರ ಹೊಡೆತ ಬಿದ್ದಿಲ್ಲವೆಂದು ಸುಳ್ಳು ಹೇಳಲಾರೆ, ಬಿದ್ದಿದೆ. ಹ್ಯಾಂಗರುಗಳು ಮತ್ತೆ ತೆಳುವಾಗಿವೆ. ಅದಕ್ಕೇ ಎರಡೂ ಅಂಗಡಿಗಳ ಹ್ಯಾಂಗರುಗಳನ್ನು ಒಂದೇ ಕಂಬಿಗೆ ಹಾಕುವ ಯೋಚನೆ ನಡೆದಿದೆ, ಒಂದು ಬಾಡಿಗೆಯಾದರೂ ಉಳಿಯುತ್ತದೆ. ಯಾರ ಅಂಗಡಿಯನ್ನು ಮುಚ್ಚುವುದು, ಯಾರದನ್ನು ಉಳಿಸುವುದು ಎಂಬ ಬಗ್ಗೆ ಸದ್ಯಕ್ಕೆ ಹೊಸದೊಂದು ಜಗಳ ಚಾಲ್ತಿಯಲ್ಲಿದೆ, ಆದರೆ ಈ ಸಲ ಅದನ್ನು ಬಾಯಲ್ಲೇ ಆಡುತ್ತಿದ್ದೇವೆ.

ತಮ್ಮ ಕೆಂಪು ಹೀಗೇ ಬೆಳಗುತ್ತಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಎಡಬದಿಯ ಲಾಂಡ್ರಿಯವಳು
(ಬಲಬದಿಯವಳ ತಂಗಿ)

ತಾ.ಕ.: ಈ ಪತ್ರವನ್ನು ಪ್ರಕಟಿಸುವ ಮುನ್ನ ತಮ್ಮ ಅವಗಾಹನೆಗೆ ಇಟ್ಟಾಗ, ತಾವು ಯಥಾಪ್ರಕಾರ ಕೆಂಪಾಗಿ, ಒಂದೂ ಕೊಂಡಿಯಿಲ್ಲವೆಂದು ಗದರಿ, ವಿಷಯಕ್ಕೆ ಹತ್ತಿರವಾದ ನಂಬಿಕಸ್ತ ಪುಟವೆಂದು ಒಂದೇ ಒಂದನ್ನು ಸೂಚಿಸಿದ್ದೀರಿ: "ಈ ಸಲಹಾ ಯಂತ್ರವನ್ನು ಶಾಶ್ವತವಾಗಿ ತೆಗೆದುಹಾಕುವುದು ಹೇಗೆ." ಅದರ ಕೆಳಗೆ "ಈಗಲೇ ತೆಗೆದುಹಾಕಿ" ಎಂಬ ಗುಂಡಿಯೂ ಇದೆ. ಉಪಕಾರ ಮರೆಯುವವಳು ನಾನಲ್ಲ, ನಾನು ಒತ್ತುವುದಿಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂತಿರುವವಳು ಅಕ್ಕ, ಕನ್ನಡಕ ತನ್ನ ಅಂಗಡಿಯಲ್ಲೇ ಮರೆತು ಬಂದಿದ್ದಾಳೆ.